ಜಂಬಣ್ಣ ಉಳಿಸಿಕೊಂಡ ಒಂದು ಪಾಯಿಂಟ್

ಜಂಬಣ್ಣ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಮೊದಲ ಪಾಳಿ ಮುಗಿಸಿ, ಉಂಡು, ಒಂದು ಗಳಿಗೆ ಅಡ್ಡಾಗಿ ಎದ್ದವನು ಸಂಜೆಯ ಹೊತ್ತಿಗೆ ಕಾಲೋನಿಯ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿರುತ್ತಿದ್ದ. ಅಲ್ಲಿ ಹತ್ತು ಹನ್ನೆರಡು ಹುಡುಗಿಯರಿಗೆ ಆಟ ಕಲಿಸುತ್ತಿದ್ದ. ಈ ಕೆಲಸ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಬಿಡು ಎಂದೂ ಹೇಳಿರಲಿಲ್ಲ.

ಹರೆಯದಲ್ಲಿ ಅವನೂ ಕಾರ್ಖಾನೆಯ ತಂಡಕ್ಕೆ ಆಡಿದವನೇ. ಒಮ್ಮೆ ದಾವಣಗೆರೆಯಲ್ಲಿ, ಪಂದ್ಯ ಮುಗಿಯಲು ಕೆಲವೇ ಸೆಕೆಂಡ್ ಇರುವಾಗ ತಂಡ ಒಂದು ಪಾಯಿಂಟ್ ಮುಂದಿತ್ತು. ಚೆಂಡು ಹಿಡಿದುಕೊಂಡು ನಿಂತಿದ್ದರೂ ಸಾಕಿತ್ತು. ಆಸೆಗೆ ಬಿದ್ದು ಎಸೆದುಬಿಟ್ಟ. ಚೆಂಡು ರಿಂಗಿಗೆ ಬಡಿದು ಎದುರಾಳಿಯ ಕೈ ಸೇರಿತು, ಅವರು ಓಡಿಹೋಗಿ ಹಾಕಿ ಗೆದ್ದರು. ವಾಪಸು ಬರುವಾಗ ವ್ಯಾನಿನಲ್ಲಿ ಒಬ್ಬರೂ ಅವನ ಜೊತೆ ಮಾತಾಡಲಿಲ್ಲ.

ಹಾಗಾಗಿ ಅವನ ಹುಡುಗಿಯರು ಎಲ್ಲಕ್ಕಿಂತ ಹೆಚ್ಚಾಗಿ ಕಲಿತದ್ದು ಕೊನೆಯ ನಾಲ್ಕು ನಿಮಿಷದ ಆಟವನ್ನು. "ಮುಂದಿದ್ದಾಗ ಅವಸರ ನಿಮ್ದಲ್ಲ, ಅವರ್ದು" ಅನ್ನುತ್ತಿದ್ದ. "ಮೂಲೆಗೆ ಹೋಗ್ಬೇಡ, ಅಲ್ಲಿ ಇಬ್ರು ಬಂದು ಮುತ್ಕೊಂಡ್ರೆ ಮುಗೀತು. ರಿಂಗಿಗೆ ಹೊಡಿಯೋಕೆ ಮೂವತ್ತು ಸೆಕೆಂಡ್ ಟೈಮ್ ಕೊಡ್ತಾರಲ್ಲ, ಇಪ್ಪತ್ತೈದು ತಿಂದು ಹಾಕು. ಆಮೇಲೆ ಪಾಸ್ ಕೊಡು."

ಅದನ್ನು ಅವನಿಗಿಂತ ಚೆನ್ನಾಗಿ ಕಲಿತವಳು ವಾಣಿ. ಅದೇ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸ ಮಾಡುತ್ತಿದ್ದ ಕರಿಯಣ್ಣನ ಮಗಳು. ಗಿಡ್ಡ ಹುಡುಗಿ. ಚೆಂಡನ್ನು ಮೊಣಕಾಲಿನ ಎತ್ತರಕ್ಕಿಂತ ಮೇಲೆ ಪುಟಿಯಲು ಬಿಡದೆ, ಇಬ್ಬರು ಮೂವರ ನಡುವೆ ನುಸುಳಿ ಬರುತ್ತಿದ್ದಳು. ಪಿಯುಸಿ ಮುಗಿಸಿದ್ದಳು. ರಾಜ್ಯ ತಂಡದ ಕ್ಯಾಂಪಿಗೆ ಹೆಸರು ಬಂದರೆ ಬೆಂಗಳೂರಲ್ಲಿ ಕ್ರೀಡಾ ಹಾಸ್ಟೆಲ್, ಡಿಗ್ರಿ ಸೀಟು ಎರಡೂ ಸಿಗುತ್ತಿದ್ದವು. ಬರದಿದ್ದರೆ ಓದು ಅಲ್ಲಿಗೇ ನಿಲ್ಲಬೇಕು. ಕರಿಯಣ್ಣ ಅದನ್ನು ಮುಚ್ಚಿಡದೆ ಹೇಳಿದ್ದ.

೧೯೯೭ರಲ್ಲಿ ಶಿವಮೊಗ್ಗದಲ್ಲಿ ಜಿಲ್ಲಾ ಪಂದ್ಯಾವಳಿಯ ಫೈನಲ್. ಎದುರಿಗೆ ಶಿವಮೊಗ್ಗದ್ದೇ ತಂಡ. ರಾಜ್ಯ ಕ್ಯಾಂಪಿಗೆ ಹೆಸರು ಆರಿಸುವ ಆಯ್ಕೆ ಸಮಿತಿಯವರು ಶಾಮಿಯಾನದ ಕೆಳಗೆ ಕೂತಿದ್ದರು. ಇನ್ನು ನಾಲ್ಕು ನಿಮಿಷ ಇರುವಾಗ ಭದ್ರಾವತಿ ಎಂಟು ಪಾಯಿಂಟ್ ಮುಂದಿತ್ತು. ಜಂಬಣ್ಣ ಟೈಮ್ ಔಟ್ ತೆಗೆದುಕೊಂಡ.

"ವಾಣಿ, ಚೆಂಡು ನಿನ್ ಹತ್ರ ಇರ್ಲಿ. ನೀನು ಹೊಡೀಬೇಡ. ಟೈಮ್ ತಿಂದು ಬೇರೆಯವರಿಗೆ ಕೊಡು, ನೀನು ಹಿಂದೆ ನಿಂತ್ಕೋ. ಅವರು ಓಡಿ ಬಂದ್ರೆ ತಡಿಯೋಕೆ ಒಬ್ಬರಾದ್ರೂ ಬೇಕು."

"ಆಯ್ತು ಸಾರ್."

ಅವನು ಹೇಳಿದಂತೆಯೇ ಅವಳು ಮಾಡಿದಳು. ಆದರೆ ಅವಳಿಂದ ಪಾಸು ಪಡೆದವರು ಎಸೆದದ್ದು ಒಂದೂ ಬೀಳಲಿಲ್ಲ. ಅತ್ತ ಶಿವಮೊಗ್ಗದ ಅಕ್ಷರಾ ಎಂಬ ಎತ್ತರದ ಹುಡುಗಿ ಒಬ್ಬಳೇ ಏಳು ಪಾಯಿಂಟ್ ಹಾಕಿದಳು. ಜನ ಎದ್ದು ನಿಂತು ಅವಳ ಹೆಸರು ಕೂಗತೊಡಗಿದರು. ಉಳಿದದ್ದು ಒಂದೇ ಪಾಯಿಂಟ್, ಇಪ್ಪತ್ತಾರು ಸೆಕೆಂಡ್. ಚೆಂಡು ವಾಣಿಯ ಕೈಯಲ್ಲಿ.

ಮೂವರು ಅವಳ ಮೇಲೆ ಬಿದ್ದರು. ಒಬ್ಬಳ ತೋಳಿನ ಕೆಳಗೆ ತೂರಿ, ಇನ್ನೊಬ್ಬಳನ್ನು ಸುತ್ತಿ, ಕೊನೆಗೆ ಅವಳು ರಿಂಗಿನ ಕೆಳಗೇ ಬಂದುಬಿಟ್ಟಳು. ಹತ್ತಿರ ಒಬ್ಬರೂ ಇರಲಿಲ್ಲ. ಅವಳು ಜಂಬಣ್ಣನ ಕಡೆ ನೋಡಿದಳು.

"ಬೇಡ! ಹೊರಗೆ ಬಾ!"

ಅವಳು ಚೆಂಡನ್ನು ಹೊರಗೆ ತಂದಳು. ಸೀಟಿ ಕೂಗಿತು. ಗೆದ್ದರು. ಹುಡುಗಿಯರು ಜಂಬಣ್ಣನನ್ನು ಎತ್ತಲು ಹೋಗಿ ಎಲ್ಲರೂ ಒಟ್ಟಿಗೆ ಬಿದ್ದರು.

ಹದಿನೈದು ದಿನಕ್ಕೆ ಪಟ್ಟಿ ಬಂತು. ಅಕ್ಷರಾಳ ಹೆಸರಿತ್ತು. ವಾಣಿಯದು ಇರಲಿಲ್ಲ.

ಜಂಬಣ್ಣ ರಜೆ ಹಾಕಿ ಸಮಿತಿಯ ಲಕ್ಷ್ಮೀಕಾಂತ ಅವರನ್ನು ಹುಡುಕಿಕೊಂಡು ಹೋದ. ಅವರು ಒಳ್ಳೆಯ ಮನುಷ್ಯರೇ. ಸ್ಕೋರ್ ಶೀಟು ತೆಗೆದು ಮುಂದೆ ಇಟ್ಟರು.

"ನೀವೇ ನೋಡಿ. ಸೆಕೆಂಡ್ ಹಾಫಲ್ಲಿ ಆ ಹುಡ್ಗೀದು ಎರಡೇ ಪಾಯಿಂಟು. ರಿಂಗ್ ಕೆಳಗೆ ಬಂದೂ ಹೊಡೀಲಿಲ್ಲ, ಹೆದರ್ಕೊಂಡ್ಲು ಅಂತ ಎಲ್ರಿಗೂ ಅನ್ನಿಸ್ತು."

"ಹೆದರಿದ್ದು ಅವಳಲ್ಲ ಸಾರ್, ನಾನು. ನಾನೇ ಬೇಡ ಅಂದೆ."

"ಅದು ಈ ಶೀಟಲ್ಲಿ ಎಲ್ಲಿ ಬರೀಲಿ ಜಂಬಣ್ಣೋರೆ?"

ಪಟ್ಟಿ ಆಗಲೇ ಬೆಂಗಳೂರಿಗೆ ಹೋಗಿತ್ತು. ಸಂಜೆ ಕರಿಯಣ್ಣನ ಮನೆಗೆ ಹೋದರೆ ಅವನು ಕುರ್ಚಿ ಹಾಕಿ, ಕಾಫಿ ಕೊಡಿಸಿದ. ಬೈದಿದ್ದರೆ ಜಂಬಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. "ಗೆಲ್ಸಿದ್ರಲ್ಲ ಸಾರ್, ಅಷ್ಟು ಸಾಕು" ಅಂದ ಕರಿಯಣ್ಣ. ವಾಣಿ ಒಳಗಿಂದ ಬರಲಿಲ್ಲ.

ಎರಡು ವರ್ಷದ ಮೇಲೆ ಯಾವುದೋ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಹೋದ ಜಂಬಣ್ಣ, ವಿನೋಬನಗರದ ಜೆರಾಕ್ಸ್ ಅಂಗಡಿಯೊಂದಕ್ಕೆ ಹೊಕ್ಕ. ಮೆಷಿನ್ನಿನ ಹಿಂದೆ ನಿಂತಿದ್ದವಳು ವಾಣಿ. ಅಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದು ಕೆಲಸ ಮಾಡುತ್ತಿದ್ದಳಂತೆ.

"ಆರಾಮಾಗಿದೀರಾ ಸಾರ್?" ಎಂದು ನಕ್ಕಳು. ಕಾಗದಗಳನ್ನು ಜೋಡಿಸಿ ಪಿನ್ನು ಹೊಡೆದಳು. ಗಿರಾಕಿಗಳೆಲ್ಲ ಹೋದ ಮೇಲೆ ಮೆಲ್ಲಗೆ ಕೇಳಿದಳು. "ಸಾರ್, ಅವತ್ತು ರಿಂಗ್ ಕೆಳಗೆ ನನ್ನ ಹತ್ರ ಯಾರೂ ಇರ್ಲಿಲ್ಲ. ನಿಮಗೆ ಕಾಣ್ತಿತ್ತಾ?"

ಕಾಣಿಸಲಿಲ್ಲ ಅಂದುಬಿಡಬಹುದಿತ್ತು.

"ಕಾಣ್ತಿತ್ತು ಕಣಮ್ಮ."

ಅವಳು ತಲೆಯಾಡಿಸಿದಳು. "ನನಗೆ ಗೊತ್ತಿತ್ತು. ನೀವು ಹೇಳಿದ್ದು ಸರಿನೇ ಸಾರ್. ತಪ್ಪಿದ್ರೆ ಸೋಲ್ತಿದ್ವಿ." ಜೋಡಿಸಿದ ಕಾಗದಗಳನ್ನು ಅವನ ಕೈಗೆ ಕೊಡುತ್ತಾ, "ಆದ್ರೆ ನಾನು ತಪ್ಪಿಸ್ತಿರ್ಲಿಲ್ಲ" ಅಂದಳು.

ಆ ವರ್ಷವೇ ಇನ್ನೊಂದು ಪಂದ್ಯದ ಕೊನೆಯ ನಿಮಿಷಗಳಲ್ಲಿ ಹುಡುಗಿಯರು ಮೂರು ಪಾಯಿಂಟ್ ಮುಂದಿದ್ದರು. ಚೆಂಡು ಹಿಡಿದ ತನುಜಾ ಇವನ ಮುಖ ನೋಡಿದಳು. ಹೊಡಿ ಅನ್ನಲೂ ಆಗಲಿಲ್ಲ, ಬೇಡ ಅನ್ನಲೂ ಆಗಲಿಲ್ಲ. ಅವಳು ನೋಡುತ್ತಲೇ ಇದ್ದಳು. ಯಾರೋ ಚೆಂಡು ಕಿತ್ತುಕೊಂಡು ಓಡಿದರು. ಅಲ್ಲಿಂದ ಮುಂದೆ ಆಟ ಇವರ ಕೈಗೆ ಬರಲೇ ಇಲ್ಲ. ಸೋತ ಮೇಲೆ ತನುಜಾ ಬಿಕ್ಕಿ ಬಿಕ್ಕಿ ಅತ್ತಳು. "ನಿಂದೇನೂ ತಪ್ಪಿಲ್ಲ ಮಾರಾಯ್ತಿ" ಎಂದು ಜಂಬಣ್ಣ ಅವಳ ತಲೆ ಸವರಿದ.

ಮರುದಿನ ಅವನು ಕೋರ್ಟಿಗೆ ಹೋಗಲಿಲ್ಲ. ಹುಡುಗಿಯರು ಮನೆಗೇ ಬಂದರು. ಹೆಂಡತಿ ದಾಕ್ಷಾಯಣಿ ಬಾಗಿಲಲ್ಲಿ ನಿಂತು, "ಅವರಿಗೆ ಜ್ವರ ಕಣ್ರೇ, ವಾಸಿ ಆದ್ಮೇಲೆ ಬರ್ತಾರೆ" ಅಂದಳು. ಅವನು ಒಳಕೋಣೆಯಲ್ಲಿ ಕೂತು ಆ ಮಾತು ಕೇಳಿಸಿಕೊಂಡ. ಮಾರನೆಯ ದಿನವೂ ಬಂದರು, ಅದೇ ಉತ್ತರ ಪಡೆದು ಹೋದರು. ಮೂರನೆಯ ದಿನ ತನುಜಾ ಒಬ್ಬಳೇ ಬಂದು, ಗೇಟಿನ ಹತ್ತಿರ ಒಂದಿಷ್ಟು ಹೊತ್ತು ನಿಂತು, ಕೂಗದೆ ಹೊರಟುಹೋದಳು.