ಯಾರಿಗೆ ಈ ಹಿಟ್ಟು

ಮೂವತ್ತೊಂದನೆಯ ವಯಸ್ಸಿಗೆ ನನ್ನ ಮುಟ್ಟು ನಿಂತಿತು. ಅಮ್ಮನಿಗೆ ಐವತ್ತೆರಡು; ಅವಳದು ಇನ್ನೂ ನಿಂತಿರಲಿಲ್ಲ. ಇದು ಗೊತ್ತಿದ್ದವರು ನಾನು, ಅಮ್ಮ, ಮಳವಳ್ಳಿಯ ಡಾಕ್ಟರು. ಮಂಡ್ಯದಲ್ಲಾದರೆ ಗುರುತಿನವರು ಸಿಗುತ್ತಾರೆಂದೇ ಅಷ್ಟು ದೂರ ಹೋಗಿದ್ದೆ. ಅಪ್ಪನಿಗೂ ಹೇಳಿರಲಿಲ್ಲ.

ಡಾಕ್ಟರು ಹಾರ್ಮೋನು ಮಾತ್ರೆ ಬರೆದರು. ನಾನು ಸೋಯಾ, ಅಗಸೆ ಬೀಜದ ಮಾತೆತ್ತಿದೆ. ಜೀವರಸಾಯನ ಓದಿ ಮದ್ದೂರಿನ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಅವುಗಳಲ್ಲಿ ಈಸ್ಟ್ರೋಜನ್ನನ್ನು ಹೋಲುವ ಅಂಶ ಇರುವುದು ಗೊತ್ತಿತ್ತು.

"ಮೈ ಬಿಸಿಯಾಗೋದು ಸ್ವಲ್ಪ ಕಮ್ಮಿಯಾದರೂ ಆಗಬಹುದು. ಆದರೆ ನಿನ್ನ ವಯಸ್ಸಿಗೆ ಮೂಳೆ ಕಾಯೋಕೆ ಅದು ಸಾಲದಮ್ಮ," ಎಂದರು.

ಅದೂ ಗೊತ್ತಿತ್ತು. ಆದರೂ ಚೀಟಿಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಬಿಟ್ಟೆ. ಮಂಡ್ಯದ ಗುತ್ತಲಿನಲ್ಲಿ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವರು ಅಪ್ಪನ ಸ್ನೇಹಿತರು. ಮದ್ದೂರಿನ ಅಂಗಡಿಗಳ ಮುಂದೆ ನನ್ನ ವಿದ್ಯಾರ್ಥಿನಿಯರು ನಿಂತಿರುತ್ತಾರೆ. ಹಿಟ್ಟಾದರೆ ಯಾರೂ ಕೇಳುವುದಿಲ್ಲ ಎಂದುಕೊಂಡೆ.

ಮಿಲ್ಲಿನವನು ಕೇಳಿಯೇಬಿಟ್ಟ. ರಾಗಿಯ ಜೊತೆ ಹುರಿದ ಸೋಯಾ ಕಾಳು, ಅಗಸೆ ನೋಡಿ ಡಬ್ಬವನ್ನು ಪಕ್ಕಕ್ಕೆ ಸರಿಸಿದ. "ಅಗಸೆ ಎಣ್ಣೆ ಬುಡ್ತದೆ, ಕಲ್ಲಿಗೆ ಮೆತ್ಕತದೆ. ನಿಮ್ದು ಕಡೇಲಿ ಆಕ್ತೀನಿ. ಯಾರ್ಗವ್ವ ಇದು?"

ಸಾಲಿನಲ್ಲಿ ನಮ್ಮ ಬೀದಿಯ ಮೂವರು ಹೆಂಗಸರಿದ್ದರು. "ಅಮ್ಮನಿಗೆ. ಮೈ ಬಿಸಿಯಾಗುತ್ತೆ," ಎಂದೆ. ಅವರು ಅರ್ಥವಾದವರಂತೆ ತಲೆಯಾಡಿಸಿದರು.

ಮನೆಗೆ ಬಂದು ಹೇಳಿದರೆ ಅಮ್ಮ ನಕ್ಕಳು. "ನನ್ನೆಸ್ರೇ ಏಳ್ಕೊ ಬುಡು ಮಗ. ನಂಗೇನ್ ಇನ್ನೊಂದ್ ಮದ್ವೆ ಆಗ್ಬೇಕಾ?"

ಅಲ್ಲಿಂದಾಚೆಗೆ ಡಬ್ಬವನ್ನು ಮಿಲ್ಲಿಗೆ ಅವಳೇ ಹೊತ್ತಳು; ಕೇಳಿದವರಿಗೆ ತನಗೇ ಎಂದಳು. ನಾಲ್ಕು ತಿಂಗಳು ಆ ಹಿಟ್ಟಿನ ಮುದ್ದೆ ಉಂಡೆ. ಪಾಠದ ನಡುವೆ ಕತ್ತಿನಿಂದ ಮೇಲೇರುತ್ತಿದ್ದ ಬಿಸಿ ಸ್ವಲ್ಪ ಇಳಿದಂತಿತ್ತು. ಅಥವಾ ಹಾಗೆ ನಂಬಲು ನನಗೆ ಇಷ್ಟವಿತ್ತು.

ಆಮೇಲೆ ಬೀದಿಯ ಗುಡಿಯ ಅಮ್ಮನವರಿಗೆ ತಂಬಿಟ್ಟಿನ ಆರತಿ ಬಂತು. ಎದುರುಮನೆಯಾಕೆ ವಾರ ಮೊದಲೇ ಹೇಳಿ ಹೋಗಿದ್ದಳು: "ಈ ಸಲ ಮೊದಲ್ನೇ ಆರತಿ ನೀನೇ ಒರ್ಬೇಕು ಕಣಕ್ಕ. ನಿಂಗಿನ್ನೇನು ಅಡ್ಡಿ? ನಿಂತೇ ಓಯ್ತಲ್ಲ!" ಅಮ್ಮ ಹೂಂ ಎಂದಿದ್ದಳು. ಆರತಿಯ ದಿನ ಬೆಳಿಗ್ಗೆ ಅಮ್ಮ ಮುಟ್ಟಾದಳು.

ನಾನು ಕೋಣೆಯಲ್ಲಿ ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದೆ. ಹೆಂಗಸರು ತಟ್ಟೆ ಹಿಡಿದು ನಡುಮನೆಗೆ ಬಂದರು.

"ನಾನು ಮುಟ್ಟಂಗಿಲ್ಲ ಕಣ್ರವ್ವ," ಎಂದಳು ಅಮ್ಮ.

"ಯಾಕಕ್ಕ? ನಿಂತೋಯ್ತು ಅಂತಲ್ವಾ ಆ ಇಟ್ಟು ಬೀಸಿಸ್ಕತಿದ್ದುದು?"

"ಇಟ್ಟು ತಿಂದು ತಿರ್ಗಾ ಸುರುವಾಯ್ತು! ಅರೇದ ಉಡ್ಗಿ ಆದೆ ಬುಡಕ್ಕ!"

ಎಲ್ಲರೂ ನಕ್ಕರು. ಆ ನಗುವಿನೊಳಗೇ ಅಮ್ಮನ ದನಿ ಕೇಳಿಸಿತು. "ಆ ಇಟ್ಟು ನಂಗಲ್ಲ. ಮಗ್ಳಿಗೆ."

ತಟ್ಟೆಗಳ ಸದ್ದೂ ನಿಂತಿತು. "ಅಯ್ಯೋ, ಇನ್ನೂ ಮದ್ವೆ ಆಗ್ದಿರೋ ಉಡ್ಗಿ," ಎಂದರು ಯಾರೋ. ನಾನು ಪಿನ್ನು ತೆಗೆದು ಸೀರೆ ಮಡಿಸಿಟ್ಟೆ.

ಅವರು ಹೋದ ಮೇಲೆ ಕೇಳಿದೆ. "ಮಂಡಿ ನೋವು ಅನ್ನಬಹುದಿತ್ತು. ಜ್ವರ ಅನ್ನಬಹುದಿತ್ತು."

"ದೇವ್ರ ಆರತಿ ವಿಸ್ಯದಲ್ಲಿ ಸುಳ್ಳು ಏಳಕಾಯ್ತದಾ?"

"ಮಿಲ್ಲಿನಲ್ಲಿ ಹೇಳಿದೆಯಲ್ಲ."

"ಅದು ಮಿಲ್ಲು ಕಣ್ಮಗ," ಎಂದಳು.

ಅವಳ ಮುಖದಲ್ಲಿ ಅಳುಕಿರಲಿಲ್ಲ, ಸಮಾಧಾನವಿತ್ತು. ನನಗೆ ನೋವಾದದ್ದು ಅದಕ್ಕೆ. ಕಾಯುತ್ತೇನೆಂದು ತಾನಾಗಿ ಹೊತ್ತ ಗುಟ್ಟನ್ನು ಒಂದು ತಟ್ಟೆ ತಂಬಿಟ್ಟಿನ ಮುಂದೆ ಇಳಿಸಿ ಹಗುರಾಗಿದ್ದಳು.

ಶನಿವಾರ ಮಳವಳ್ಳಿಗೆ ಹೋಗಿ ಹೊಸ ಚೀಟಿ ಬರೆಸಿಕೊಂಡು ಬಂದೆ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಮ್ಮ ಬೀದಿಯ ಅಂಗಡಿಗೇ ಹೋದೆ. ಅಪ್ಪನ ಸ್ನೇಹಿತರು ಕನ್ನಡಕ ಏರಿಸಿ ಓದಿದರು. "ಅಮ್ಮನಿಗೇನಮ್ಮ?"

"ಅಲ್ಲ. ನನಗೆ."

ಮಾತ್ರೆಯನ್ನು ಫ್ರಿಜ್ಜಿನ ಮೇಲೆ, ಬಂದವರಿಗೆಲ್ಲ ಕಾಣುವಲ್ಲಿ ಇಟ್ಟೆ. ಮಾರನೆಯ ಬೆಳಿಗ್ಗೆ ಅದು ಅಲ್ಲಿರಲಿಲ್ಲ. ಹುಡುಕಿದರೆ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಅಡಿಯಲ್ಲಿ ಸಿಕ್ಕಿತು.

"ಯಾರಾರ ನೋಡ್ತಾರೆ ಅಂತ," ಎಂದಳು ಅಮ್ಮ.

ನಾನು ಒಂದು ಮಾತ್ರೆ ನುಂಗಿ, ಉಳಿದದ್ದನ್ನು ಫ್ರಿಜ್ಜಿನ ಮೇಲೆಯೇ ಇಟ್ಟು ಬಸ್ಸಿಗೆ ಹೊರಟೆ.