ಗಟ್ಟಿ ಎಣ್ಣೆಯ ಮಾವ

ನಮ್ಮ ಮಾವನವರ ಬಲಗೈಯ ಹೆಬ್ಬೆರಳು, ತೋರುಬೆರಳು ಎಂದೂ ಸುಮ್ಮನಿರುತ್ತಿರಲಿಲ್ಲ. ಎಣ್ಣೆ ಹೀರಿ ಹೀರಿ ಆ ಎರಡು ಬೆರಳ ತುದಿಗಳು ಕಪ್ಪಾಗಿದ್ದವು. ಸಾಬೂನಿಗಾಗಲಿ, ನಿಂಬೆಹೋಳಿಗಾಗಲಿ ಬಗ್ಗದ ಕಪ್ಪು. ಅವುಗಳ ನಡುವೆ ಏನು ಸಿಕ್ಕರೂ ಉಜ್ಜಿ ನೋಡುವುದು ಅವರ ಚಾಳಿ. ಮಗ್ಗದ ಎಣ್ಣೆಯನ್ನು ಉಜ್ಜಿ ನೋಡುತ್ತಿದ್ದರು, ಹಾಲನ್ನು ಉಜ್ಜಿ ನೋಡುತ್ತಿದ್ದರು, ನಾನು ಬಡಿಸಿದ ಬೇಳೆಯನ್ನೂ ತಾಟಿನ ಅಂಚಿನಿಂದ ಬಳಿದು ಉಜ್ಜಿ ನೋಡುತ್ತಿದ್ದರು. ಆಮೇಲೆ ಮನೆಗೆ ಬಂದವರ ಮುಂದೆಯೇ ತೀರ್ಪು ಕೊಡುತ್ತಿದ್ದರು: “ತೆಳ್ಳಗಾಗೇತಿ.”

ತೆಳ್ಳಗೆ ಎನ್ನುವುದು ಅವರ ಬಾಯಲ್ಲಿ ಬೈಗುಳ. ಚಹಾ ತೆಳ್ಳಗೆ, ಮಜ್ಜಿಗೆ ತೆಳ್ಳಗೆ, ನನ್ನ ತವರಿನವರ ಮಾತು ತೆಳ್ಳಗೆ. ಮದುವೆಯಾಗಿ ಇಚಲಕರಂಜಿಗೆ ಬಂದ ಹೊಸತರಲ್ಲಿ ನಾನು ಇದನ್ನೆಲ್ಲ ತಮಾಷೆಯೆಂದು ನಗುತ್ತಿದ್ದೆ. ನಗು ಬೇಗ ನಿಂತಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆ ಮನುಷ್ಯನ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂದರೆ ನನ್ನ ಹತ್ತಿರ ಅರ್ಧ ಪುಟಕ್ಕಾಗುವಷ್ಟೂ ಇಲ್ಲ. ಆದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಅವರು ಪವರ್‌ಲೂಮ್ ಶೆಡ್ಡುಗಳಲ್ಲಿ ಜಾಬರ್ ಆಗಿದ್ದರು. ನೇಯುವವನು ಬೇರೆ, ಜಾಬರ್ ಬೇರೆ. ಮಗ್ಗ ಕೆಟ್ಟರೆ ಬಂದು ಸರಿಮಾಡುವವನು ಜಾಬರ್. ನಮ್ಮ ಮಾವ ಕಿವಿಯಿಂದಲೇ ಮಗ್ಗ ಪರೀಕ್ಷೆ ಮಾಡುತ್ತಿದ್ದರು. ಬಾಗಿಲಲ್ಲಿ ನಿಂತು, ಶೆಡ್ಡಿನ ಆ ಗದ್ದಲದಲ್ಲೂ ಯಾವ ಮಗ್ಗ ಕುಂಯ್ ಎನ್ನುತ್ತಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದರಂತೆ. ಗಟ್ಟಿ ಎಣ್ಣೆ ಸುರಿದರೆ ಕುಂಯ್ ನಿಲ್ಲುತ್ತಿತ್ತು. ಸಪ್ಪಳ ನಿಂತರೆ ರೋಗ ವಾಸಿಯಾಯಿತು. ಅವರ ಚಿಕಿತ್ಸೆ ಇಷ್ಟೇ.

ಇನ್ನೊಂದು ವಿದ್ಯೆಯೂ ಅವರಿಗಿತ್ತು. ನೂಲು ಹರಿದರೆ ಮಗ್ಗವನ್ನು ತಾನಾಗಿಯೇ ನಿಲ್ಲಿಸುವ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಸವೆದಾಗ ನೂಲು ಹರಿಯದಿದ್ದರೂ ಮತ್ತೆ ಮತ್ತೆ ಮಗ್ಗ ನಿಲ್ಲಿಸುತ್ತದೆ. ನಿಂತ ಮಗ್ಗ ಮಾಲೀಕನಿಗೆ ಕಣ್ಣುಕಿಸುರು. ಆಗ ಜಾಬರ್ ಏನು ಮಾಡುತ್ತಾನೆ? ಹೊಸ ಕಡ್ಡಿ ಬರುವ ತನಕ ಹಳೆಯದನ್ನು ಒಂದು ಎಳೆ ನೂಲಿನಿಂದ ಹಿಂದಕ್ಕೆ ಕಟ್ಟಿಬಿಡುತ್ತಾನೆ. ಮಗ್ಗ ಓಡುತ್ತದೆ, ಮಾಲೀಕ ಖುಷಿಯಾಗುತ್ತಾನೆ. ಮುಂದೆ ನಿಜವಾಗಿ ನೂಲು ಹರಿದಾಗಲೂ ಮಗ್ಗ ಓಡುತ್ತಲೇ ಇರುತ್ತದೆ, ಬಟ್ಟೆಯಲ್ಲಿ ಸಂದು ಬೀಳುತ್ತದೆ, ಬೈಗುಳ ನೇಯುವವನಿಗೆ ಬೀಳುತ್ತದೆ. ನಮ್ಮ ಮಾವ ಕಟ್ಟುವ ಗಂಟು ಶೆಡ್ಡುಗಳಲ್ಲೆಲ್ಲ ಹೆಸರಾಗಿತ್ತು. ಮೂರು ಸುತ್ತು ಹೊಡೆದು, ತುದಿಯನ್ನು ಎಡಕ್ಕೆ ಒಳಗೆ ತೂರಿಸಿ, ಬ್ಲೇಡಿನಿಂದ ನುಣ್ಣಗೆ ಕತ್ತರಿಸಿದ ಗಂಟು. ಶೆಡ್ಡುಗಳಿಗೆ ಊಟದ ಡಬ್ಬಿ ಕೊಡಲು ಹೋದಾಗ ನಾನೇ ಕಂಡಿದ್ದೇನೆ.

ಮನೆಯನ್ನೂ ಅವರು ಹಾಗೆಯೇ ನಡೆಸಿದರು. ಯಾರಾದರೂ ಏನಾದರೂ ತಕರಾರು ತೆಗೆದರೆ ಕೈ ಎತ್ತಿ, “ವಿಷಯ್ ಸಂಪ್ಲಾ” ಎನ್ನುತ್ತಿದ್ದರು. ಮುಗಿಯಿತು, ಇನ್ನು ಮಾತಿಲ್ಲ. ಕನ್ನಡದಲ್ಲಿ ಹೇಳಿದರೆ ಯಾರಾದರೂ ಉತ್ತರ ಕೊಟ್ಟಾರು ಎಂಬ ಅನುಮಾನವೋ ಏನೋ, ಬಾಯಿ ಮುಚ್ಚಿಸುವ ಮಾತು ಮಾತ್ರ ಊರ ಭಾಷೆ ಮರಾಠಿಯಲ್ಲೇ ಬರುತ್ತಿತ್ತು. ನಮ್ಮ ಅತ್ತೆಯನ್ನು ನಾನು ನೋಡಲಿಲ್ಲ, ನಾನು ಬರುವ ಮೊದಲೇ ತೀರಿಕೊಂಡಿದ್ದರು. “ಒಂದ ದಿನಾ ತಿರುಗಿ ಮಾತಾಡ್ಲಿಲ್ಲ ಆಕಿ” ಎಂದು ಮಾವ ಅವರನ್ನು ಹೊಗಳುತ್ತಿದ್ದರು. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ನನಗೆ ತವರಿನಿಂದ ಬಂದದ್ದು ಒಂದು ಹಳೆಯ ಡೀಸೆಲ್ ವ್ಯಾನು. ಮಹಾಗಾಂವದಲ್ಲಿ ನಮ್ಮ ಅಪ್ಪ ಅದರಲ್ಲಿ ತರಕಾರಿ ತುಂಬಿಕೊಂಡು ಗಡಹಿಂಗ್ಲಜದ ಸಂತೆಗೆ ಹೋಗುತ್ತಿದ್ದರು. ಓಡಿಸುವುದನ್ನು ಕಲಿಸಿದವರೂ ಅವರೇ. ಅಪ್ಪ ಹೋದ ಮೇಲೆ ಅಣ್ಣ ಅದನ್ನು ನನಗೆ ಕೊಟ್ಟ. ಓಡಿ ಓಡಿ ಅದರ ಮೀಟರಿನ ಮುಳ್ಳು ಎಂದೋ ನಿಂತಿತ್ತು. ಎಂಜಿನ್ ಟಕಟಕ ಎನ್ನುತ್ತಿತ್ತು, ಸ್ವಲ್ಪ ಎಣ್ಣೆಯನ್ನೂ ಕುಡಿಯುತ್ತಿತ್ತು. ಆದರೆ ಎಂದೂ ನಡುದಾರಿಯಲ್ಲಿ ಕೈಬಿಟ್ಟಿರಲಿಲ್ಲ. ನಾನು ಬೆಳಿಗ್ಗೆ ರೊಟ್ಟಿ, ಝುಣಕ, ಬೇಳೆ ಮಾಡಿ ಡಬ್ಬಿ ಕಟ್ಟಿ ಯಡ್ರಾವದ ಶೆಡ್ಡುಗಳಿಗೆ ಅದರಲ್ಲೇ ಒಯ್ಯುತ್ತಿದ್ದೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ವ್ಯಾನು, ಆ ಡಬ್ಬಿಗಳು. ಅದು ನಿಂತರೆ ನಾನು ಮಾವನ ಮುಂದೆ ಕೈಯೊಡ್ಡಿ ನಿಲ್ಲಬೇಕು. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಾನು ಓಡಿಸುವಾಗ ಅವರು ಒಂದು ದಿನವೂ ವ್ಯಾನಿನಲ್ಲಿ ಕೂಡಲಿಲ್ಲ. ಬಸ್ಸಿಗೆ ಕಾಯುತ್ತ ಬಿಸಿಲಲ್ಲಿ ನಿಂತಾರು, ಸೊಸೆ ಓಡಿಸುವ ಗಾಡಿ ಹತ್ತಲಾರರು. ಆದರೆ ಬಾನೆಟ್ ಎತ್ತುವ ಹಕ್ಕು ಮಾತ್ರ ತಮ್ಮದೇ ಎಂದು ತಿಳಿದಿದ್ದರು. ದಿನಾ ಬೆಳಿಗ್ಗೆ ಎಣ್ಣೆ ಅಳೆಯುವ ಕಡ್ಡಿ ಎಳೆದು, ಎರಡು ಬೆರಳ ನಡುವೆ ಉಜ್ಜಿ, “ನೀರಾಗೇತಿ ಇದು. ಮುದುಕ ಎಂಜಿನ್‌ಗ ಗಟ್ಟಿ ಎಣ್ಣಿ ಬೇಕು” ಎನ್ನುತ್ತಿದ್ದರು.

ನಾನು ಕೊಲ್ಲಾಪುರದ ಮೆಕ್ಯಾನಿಕ್ ಒಬ್ಬನನ್ನು ಕೇಳಿದೆ. ಅವನೇನು ಸಾಧು ಮನುಷ್ಯನಲ್ಲ, ತನ್ನನ್ನು ಬಿಟ್ಟರೆ ಆ ಊರಲ್ಲಿ ಯಾರಿಗೂ ಎಂಜಿನ್ ಗೊತ್ತಿಲ್ಲ ಎಂಬಂತೆ ಮಾತಾಡುವವನು. ಆದರೆ ಕೇಳಿದ್ದಕ್ಕೆ ಉತ್ತರ ಕೊಟ್ಟ.

“ವೈನಿ, ಗಾಡಿ ಹಳೇದಾತಂತ ಮನಸಿಗೆ ಬಂದಷ್ಟು ಗಟ್ಟಿ ಹಾಕೂದಲ್ರಿ. ಕಂಪನಿಯವ್ರು ಹೇಳಿದ ನಂಬರಿನಾಗ ಹಾಕ್ರಿ. ಭಾಳ ಕುಡಿಯಾಕತ್ತಿದ್ರ ಅವ್ರ ಹೇಳಿದ್ರೊಳಗನ ಒಂದ ಮೆಟ್ಟಲ ಗಟ್ಟಿ. ಅದಕ್ಕಿಂತ ಮ್ಯಾಲ ಹೋದ್ರ ಮುಂಜಾನಿ ಥಂಡ್ಯಾಗ ಎಣ್ಣಿ ಮ್ಯಾಲ ಏರೂದಿಲ್ಲ, ಒಣಾ ಎಂಜಿನ್ ತಿಕ್ಕಾಡತೈತಿ.”

“ಟಕಟಕ ಸಪ್ಪಳ?”

“ಸಪ್ಪಳ ಇರ್ಲಿ ಬಿಡ್ರಿ. ವಾರಕ್ಕೊಮ್ಮಿ ಕಡ್ಡಿ ನೋಡ್ರಿ, ಕಮ್ಮಿ ಆದಷ್ಟ ಹಾಕ್ರಿ, ಹೊಸಾ ಗಾಡಿಗಿಂತ ಲಗೂ ಬದಲಿ ಮಾಡ್ರಿ. ಎಣ್ಣಿ ಮ್ಯಾಲ ಏರದಿದ್ರ ಮುಂದ ಕೆಂಪು ಲೈಟು ಹತ್ತತೈತಿ. ಓಡಸೂವಾಗ ಅದು ಹತ್ತಿತಂದ್ರ ಅಲ್ಲೇ ನಿಂದರ್ಸ್ರಿ. ಒಂದ ಹೆಜ್ಜಿ ಮುಂದ ಒಯ್ಯಬ್ಯಾಡ್ರಿ.”

ಅವನು ಹೇಳಿದ ಎಣ್ಣೆಯನ್ನೇ ಹಾಕಿಸಿಕೊಂಡು ಬಂದೆ. ಊಟದ ಹೊತ್ತಿಗೆ ಅದನ್ನು ಹೇಳಿದಾಗ ಮಾವ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದರು. “ಮಗ್ಗದಾಗ ಜನ್ಮಾ ಕಳದೇನಿ ನಾ. ನನಗ ಎಣ್ಣಿ ಕಲಸ್ತಿ? ವಿಷಯ್ ಸಂಪ್ಲಾ.” ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು ತಲೆ ಎತ್ತಲಿಲ್ಲ. ಅಪ್ಪನ ಮುಂದೆ ತಲೆ ಎತ್ತುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಆ ಚಳಿಗಾಲದಲ್ಲಿ ನಾನು ಅಣ್ಣನ ಮಗಳ ತೊಟ್ಟಿಲಿಗೆಂದು ಬಸ್ಸಿನಲ್ಲಿ ಮಹಾಗಾಂವಕ್ಕೆ ಹೋಗಿ ಬಂದೆ. ಬಂದ ಮರುದಿನ ವ್ಯಾನು ಚಾಲೂ ಮಾಡಿದರೆ ಟಕಟಕ ಇಲ್ಲವೇ ಇಲ್ಲ. ಮಾವ ಬಾಗಿಲ ಕಟ್ಟೆಯ ಮೇಲೆ ಕೂತು ಮೀಸೆಯಲ್ಲೇ ನಗುತ್ತಿದ್ದರು. “ಕೇಳು. ಹ್ಯಾಂಗ ಸುಮ್ಮನಾಗೇತಿ ನೋಡು.”

“ಏನ್ ಮಾಡಿದ್ರಿ ಮಾವಾರ?”

“ಸ್ವಚ್ಛ ಮಾಡೇನಿ. ನೀ ಓಡಸು.”

ಕೀಲಿ ತಿರುಗಿಸಿದಾಗ ಹತ್ತಬೇಕಾದ ಕೆಂಪು ದೀಪ ಹತ್ತಿರಲಿಲ್ಲ. ಅದನ್ನೂ ಕೇಳಿದೆ. “ಬಲ್ಬ್ ಹೋಗೇತಿ. ತಂದ ಹಾಕ್ತೇನಿ” ಎಂದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅಷ್ಟು ನಿಶ್ಚಿಂತೆಯಿಂದ ಸುಳ್ಳು ಹೇಳುವವರನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ.

ವಾರ ಕಳೆಯುವುದರೊಳಗೆ, ಯಡ್ರಾವದ ದಾರಿಯಲ್ಲಿ, ಹಿಂದೆ ಬಿಸಿ ಡಬ್ಬಿಗಳನ್ನು ತುಂಬಿಕೊಂಡು ಹೋಗುವಾಗ ಎಂಜಿನ್ ಒಮ್ಮೆ ಕರ್ರ್ ಎಂದು ಹಿಡಿದುಕೊಂಡಿತು. ಮತ್ತೆ ಅಲುಗಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬರುವಷ್ಟರಲ್ಲಿ ಶೆಡ್ಡಿನವರು ಹೊರಗೆ ವಡಾಪಾವ್ ತಿಂದು ಮಗ್ಗಕ್ಕೆ ಮರಳಿದ್ದರು. ಮಾವ ಓಣಿಯಲ್ಲಿ ನಿಂತು, ಎಲ್ಲರಿಗೂ ಕೇಳಿಸುವಂತೆ ಹೇಳಿದರು: “ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಮತ್ತೇನಾಕ್ಕೈತಿ?” ಓಣಿಯವರು ನಂಬಿದರು. ದೊಡ್ಡ ಶೆಡ್ಡುಗಳು ಬೇರೆ ಕಡೆಯಿಂದ ಊಟ ತರಿಸತೊಡಗಿದವು. ಉಳಿದ ಒಂದೆರಡಕ್ಕೆ ನಾನು ನಮ್ಮ ಮನೆಯವರ ಸೈಕಲ್ಲಿಗೆ ಡಬ್ಬಿ ನೇತುಹಾಕಿ ತಳ್ಳಿಕೊಂಡು ಹೋದೆ. “ಇನ್ನರ ಮನ್ಯಾಗ ಕುಂಡ್ರು” ಎಂದರು ಮಾವ. ಆ ದನಿಯಲ್ಲಿ ಸಂತೋಷವಿತ್ತು.

ವ್ಯಾನನ್ನು ಕೊಲ್ಲಾಪುರಕ್ಕೆ ಎಳೆಸಿದೆ. ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನನ್ನನ್ನು ಕರೆಸಿದ. ತಳದ ತಟ್ಟೆಯಲ್ಲಿ ಕಾಕವಿಯ ಹಾಗೆ ಏನೋ ಕೂತಿತ್ತು. ಎಣ್ಣೆ ಮೇಲೆಳೆಯುವ ಜಾಳಿಗೆ ಮುಚ್ಚಿಹೋಗಿತ್ತು. “ಇದು ಎಂಜಿನ್ ಎಣ್ಣಿ ಅಲ್ರಿ ವೈನಿ, ಗೇರಿಗೆ ಹಾಕೂ ಎಣ್ಣಿ. ಮಗ್ಗದಾಗ ಹಾಕ್ತಾರಲ್ಲ, ಅದು. ಹಳೇ ಕಸರು ಇದ್ರಾಗ ಸಿಕ್ಕೊಂಡು ಜಾಳಗಿ ಮುಚ್ಚೇತಿ” ಎಂದ. ಆಮೇಲೆ ದೀಪದ ತಂತಿಯನ್ನು ತೋರಿಸಿದ. ಅದನ್ನು ಕಿತ್ತು, ಮಡಚಿ, ಪಕ್ಕದ ಕೊಳವೆಗೆ ಬಿಳಿ ನೂಲಿನಿಂದ ಕಟ್ಟಲಾಗಿತ್ತು. ಮೂರು ಸುತ್ತು, ತುದಿ ಎಡಕ್ಕೆ ಒಳಗೆ, ನುಣ್ಣಗೆ ಕತ್ತರಿಸಿದ್ದು.

ಗಟ್ಟಿ ಎಣ್ಣೆ ಹಾಕಿದ ಮೇಲೆ ಬೆಳಗಿನ ಚಳಿಯಲ್ಲಿ ಆ ದೀಪ ಆರದೆ ಹಟ ಹಿಡಿದಿರಬೇಕು. ಇವರು ಮಗ್ಗದ ಕಡ್ಡಿಗೆ ಮಾಡುತ್ತಿದ್ದುದನ್ನೇ ಅದಕ್ಕೂ ಮಾಡಿದ್ದರು.

ಮೆಕ್ಯಾನಿಕ್ ಆ ತಂತಿಯ ತುಂಡನ್ನು ನೂಲಿನ ಸಮೇತ ಕತ್ತರಿಸಿ ಕೊಟ್ಟ. ಮಾವ ಊಟಕ್ಕೆ ಕೂತಾಗ ರೊಟ್ಟಿಗಿಂತ ಮೊದಲು ಅದನ್ನು ತಾಟಿಗೆ ಹಾಕಿದೆ. ಅವರು ಎತ್ತಿಕೊಂಡರು. ಎರಡು ಬೆರಳ ನಡುವೆ ನೂಲನ್ನು ಉಜ್ಜಿದರು.

“ನಾಲ್ವತ್ತ ನಂಬರಿನ ನೂಲು. ಚಲೋ ಐತಿ” ಎಂದರು.

“ಗಂಟು ಯಾರದ್ರಿ?”

“ವಿಷಯ್ ಸಂಪ್ಲಾ.”

“ಇಲ್ರೀ ಮಾವಾರ. ಈ ವಿಷಯ ನಾ ಇರೂ ತನಕ ಸಂಪೂದಿಲ್ಲ.”

ನಮ್ಮ ಮನೆಯವರು ಆ ದಿನ ಮೊದಲ ಸಲ ತಲೆ ಎತ್ತಿದರು. ಎದ್ದು ಹೋಗಿ ಕೈ ತೊಳೆದುಕೊಂಡರು. ಎಂಜಿನ್ ರಿಪೇರಿಗೆ ಅಣ್ಣ ನೆರವಾದ. ವ್ಯಾನು ಮತ್ತೆ ಟಕಟಕ ಎನ್ನತೊಡಗಿತು. ಬಾನೆಟ್ಟಿಗೆ ನಾನು ಬೀಗ ಹಾಕಿಸಿದೆ. ಶೆಡ್ಡುಗಳನ್ನು ಒಂದೊಂದಾಗಿ ಮರಳಿ ಪಡೆಯಲು ಬಹಳ ಓಡಾಡಬೇಕಾಯಿತು. ಅಂದಿನಿಂದ ಮಾವನ ತಾಟಿಗೆ ನಾನು ಬೇಕೆಂದೇ ತೆಳ್ಳನೆಯ ಬೇಳೆ ಬಡಿಸಿದೆ, ಪ್ರತಿದಿನ. ಅವರು ಉಜ್ಜಿ ನೋಡುತ್ತಿದ್ದರು, ತೀರ್ಪು ಕೊಡದೆ ಉಣ್ಣುತ್ತಿದ್ದರು. ಹೀಗೆ ಒಂದೇ ಮನೆಯಲ್ಲಿ ಶತ್ರುಗಳ ಹಾಗೆ ವರ್ಷಗಟ್ಟಲೆ ಬಾಳಿದೆವು. ಅದಕ್ಕಾಗಿ ನನಗೆ ನಾಚಿಕೆಯಿಲ್ಲ.

ಹೋದ ವರ್ಷ ಅವರು ಓಣಿಯಲ್ಲಿ ನಡೆಯುವಾಗ ಅಲ್ಲಲ್ಲಿ ನಿಂತು ಯಾರದೋ ಗೋಡೆ, ಯಾರದೋ ಬಾಗಿಲು ನೋಡುವುದು ಶುರುವಾಯಿತು. ಏನ್ರಿ ಎಂದು ಕೇಳಿದರೆ ಕೈ ಎತ್ತುತ್ತಿದ್ದರು. ಒಂದು ದಿನ ಬೆಳಿಗ್ಗೆ ಕಟ್ಟೆಯ ಮೇಲೆಯೇ ಒರಗಿದರು. ಮೈಯೆಲ್ಲ ಬೆವರು, ತುಟಿ ಬೂದಿ ಬಣ್ಣ. ನಮ್ಮ ಮನೆಯವರು ಕೆಲಸದ ಪಾಳಿಗೆ ಹೋಗಿದ್ದರು. ನೆರೆಯವರು ಎತ್ತಿ ವ್ಯಾನಿನಲ್ಲಿ ನನ್ನ ಪಕ್ಕದ ಸೀಟಿಗೆ ಕೂಡಿಸಿದರು. ಹಿಂದೆ ಡಬ್ಬಿಗಳಿದ್ದವು. ಅವುಗಳನ್ನು ಇಳಿಸಲೂ ನಿಲ್ಲದೆ ನಾನು ಕೊಲ್ಲಾಪುರದ ದಾರಿ ಹಿಡಿದೆ.

“ಸಪ್ಪಳ ಭಾಳ ಐತಿ” ಎಂದರು ಕಣ್ಣು ಮುಚ್ಚಿಕೊಂಡೇ.

“ಐತ್ರಿ. ಇರ್ಲಿ.”

ಹುಪರಿ ದಾಟಿದ ಮೇಲೆ ಅವರ ಬೆರಳುಗಳು ಸೀಟಿನ ಅಂಚನ್ನು ಉಜ್ಜತೊಡಗಿದವು. “ಆ ಕೆಂಪು ಲೈಟು ಹತ್ತೇತೇನು?”

“ಇಲ್ರಿ. ಆರೇತಿ.”

ಇನ್ನೊಂದು ಊರು ದಾಟಿತು. ಆಮೇಲೆ ಹೇಳಿದರು: “ಹತ್ತಿದ್ರ ನಿಂದರ್ಸು.”

ನನಗೆ ಅವರು ಆಡಿದ ಕೊನೆಯ ಮಾತು ಅದು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಮೇಲೆ ರೇಗಿದರು. ಎದೆನೋವು ಎಷ್ಟು ತಿಂಗಳಿಂದ ಇದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಏನು ಹೇಳಲಿ? ಯಾರಿಗೂ ಒಂದು ಮಾತು ಹೇಳಿರಲಿಲ್ಲ ಆ ಮನುಷ್ಯ. ಹೇಳಿದ್ದರೆ ನಾನು ಅಂದೇ ಕರೆತರುತ್ತಿದ್ದೆ, ಜಗಳವಾಡುತ್ತಲೇ ಕರೆತರುತ್ತಿದ್ದೆ. ಅದೊಂದು ಸಿಟ್ಟು ನನಗೆ ಈಗಲೂ ಆರಿಲ್ಲ. ಅವರು ಅಲ್ಲಿಂದ ಮನೆಗೆ ಬರಲಿಲ್ಲ.

ಆ ಕೊನೆಯ ಮಾತನ್ನೇ ಹಿಡಿದು, ಅಪ್ಪ ವ್ಯಾನಿನಲ್ಲಿ ಕ್ಷಮೆ ಕೇಳಿದರು ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಹೇಳುವಾಗ ಅವರ ಕಣ್ಣು ತುಂಬುತ್ತದೆ, ಅದಕ್ಕೆ ನಾನು ಅಡ್ಡಮಾತಾಡುವುದಿಲ್ಲ. ಆದರೆ ಒಪ್ಪುವುದೂ ಇಲ್ಲ. “ತಂತಿ ನಾನ ಕಿತ್ತಿದ್ದೆ” ಎನ್ನಲು ಮಾವನಿಗೆ ಇಚಲಕರಂಜಿಯಿಂದ ಕೊಲ್ಲಾಪುರದ ತನಕ ಬೇಕಾದಷ್ಟು ದಾರಿ ಇತ್ತು. ಅವರು ದೀಪದ ಬಗ್ಗೆ ಕೇಳಿದರು, ನಾನು ದೀಪದ ಬಗ್ಗೆಯೇ ಹೇಳಿದೆ, ಅಷ್ಟೇ.

ವ್ಯಾನು ಇನ್ನೂ ಓಡುತ್ತಿದೆ. ಬೆಳಿಗ್ಗೆ ಡಬ್ಬಿ ತುಂಬಿ ಕೀಲಿ ತಿರುಗಿಸುತ್ತೇನೆ, ಕೆಂಪು ದೀಪ ಹತ್ತುತ್ತದೆ. ಎಂಜಿನ್ ಟಕಟಕ ಎಂದು ಶುರುವಾಗಿ, ಎಣ್ಣೆ ಮೇಲೇರಿ, ಅದು ಆರುವ ತನಕ ಗೇರಿಗೆ ಕೈ ಹಾಕುವುದಿಲ್ಲ. ಆ ಹೊತ್ತಿನಲ್ಲಿ ದಿನವೂ ಆ ಎರಡು ಕಪ್ಪು ಬೆರಳು ನೆನಪಾಗುತ್ತವೆ. ಅಷ್ಟು ಹೊತ್ತು ಮಾವನವರದು. ಅದಕ್ಕಿಂತ ಹೆಚ್ಚು ನಾನು ಕೊಡುವುದಿಲ್ಲ.