ತಂತಿ ಪರದೆ, ತೂತಿನ ತಗಡು

ಒಸಾಕಾದ ನಿಪ್ಪೊಂಬಾಶಿ ಪೇಟೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಹಳೆಯ ಕಂಪ್ಯೂಟರ್ ಮಾನಿಟರ್ ರಿಪೇರಿ ಮಾಡುವ ಕುವಾತಾ ಫುಸಾಯೊಗೆ ಅರವತ್ತೆಂಟು ವರ್ಷ. ಪಿಕ್ಚರ್ ಟ್ಯೂಬ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಟ್ಯೂಬುಗಳನ್ನು ಪರೀಕ್ಷಿಸಿದವಳು. ಕಣ್ಣು ಅವಳದು, ವರದಿಯ ಮೇಲಿನ ಸಹಿ ತಜ್ಞರೆನಿಸಿಕೊಂಡ ಗಂಡಸರದು. ಅಂದಿನಿಂದ ‘ತಜ್ಞ’ ಎಂಬ ಮಾತು ಕೇಳಿದರೆ ಸಾಕು, ಅವಳ ಮೂಗು ಸೊಟ್ಟಗಾಗುತ್ತಿತ್ತು.

ಹಳೆಯ ಕಚೇರಿಗಳ ಕುರಿತ ಪ್ರದರ್ಶನವೊಂದಕ್ಕೆ ಮಾನಿಟರ್ ಆರಿಸಲು ನಾಗಾಮಿನೆ ಎಂಬಾತ ಬಂದ. ಅವನು ಎರಡೂ ಕೈಯಲ್ಲಿ ನೀಡಿದ ಕಾರ್ಡಿನ ಮೇಲೆ ಅದೇ ಪದ ಅಚ್ಚಾಗಿತ್ತು.

“ಕುವಾತಾ-ಸಾನ್, ನಮಗೆ ಗಾಜಿನ ಹಿಂದೆ ಕಿರಣ ಸೋಸಲು ತಂತಿ ಪರದೆ ಇರುವ ಟ್ಯೂಬೇ ಬೇಕು. ತಂತಿ ಬದಲು ತೂತಿನ ತಗಡು ಹಾಕಿದ್ದು ಅಗ್ಗದ ಮಾಲು,” ಎಂದವನೇ ಕರವಸ್ತ್ರ ತೆಗೆದು ಚಾಲೂ ಇದ್ದ ತಂತಿ ಪರದೆಯ ಮಾನಿಟರೊಂದರ ಗಾಜು ಉಜ್ಜತೊಡಗಿದ. “ಇಲ್ಲೊಂದು ಅಡ್ಡಗೀರು ಬಿದ್ದಿದೆಯಲ್ಲ?”

“ಉಜ್ಜಿ, ಉಜ್ಜಿ. ಗಾಜು ಸವೆದು ಒಳಗಿನ ತಂತಿ ಕೈಗೆ ಸಿಗೋವರೆಗೂ ಉಜ್ಜಿ.”

ಅವನ ಕೈ ನಿಂತಿತು.

“ಉದ್ದುದ್ದ ತಂತಿಗಳು ನಡುಗಬಾರದು ಅಂತ ಅಡ್ಡಕ್ಕೊಂದು ಎಳೆ ಕಟ್ಟಿರ್ತಾರೆ. ಅದರ ನೆರಳು ಅದು. ತಜ್ಞರಿಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ನಾಗಾಮಿನೆಯ ಕಿವಿ ಕೆಂಪಾಯಿತು. “ಆದರೂ ಬೆಳಕಲ್ಲಿ ಇದೇ ಮೇಲು,” ಎಂದು ಗೊಣಗಿದ.

“ಬೆಳಕಲ್ಲಿ ಹೌದು. ತಗಡು ಮುಕ್ಕಾಲು ಪಾಲು ಕಿರಣ ತಾನೇ ನುಂಗುತ್ತೆ. ನೀವು ತೋರಿಸ್ತಿರೋದು ಕಚೇರಿ ತಾನೇ? ಗುಮಾಸ್ತರು ದಿನವಿಡೀ ಅಕ್ಷರ ಓದ್ತಿದ್ರೋ, ಬೆಳಕು ನೋಡ್ತಿದ್ರೋ?”

ಅವಳು ಎರಡು ಬಗೆಯ ಮಾನಿಟರುಗಳನ್ನೂ ಅಕ್ಕಪಕ್ಕ ಇಟ್ಟು, ಅಡ್ಡಗೀರು ಕಾಣದಂತೆ ಕಿಂಡಿ ಕೊರೆದ ರಟ್ಟಿನಿಂದ ಮುಚ್ಚಿ, ಎರಡರಲ್ಲೂ ಒಂದೇ ಪತ್ರ ತೆರೆದಳು. ಒತ್ತೊತ್ತು ಗೆರೆಗಳ ಕಾಂಜಿ ಲಿಪಿಯ ಸಣ್ಣ ಅಕ್ಷರಗಳು. ಅವನು ಬಗ್ಗಿ ನೋಡಿದ, ಕನ್ನಡಕ ತೆಗೆದು ನೋಡಿದ, ಕೊನೆಗೆ ಬಲಗಡೆಯದನ್ನು ತೋರಿಸಿದ.

“ಅಕ್ಷರ ಸ್ವಚ್ಛ. ಇದೇ ತಂತಿಯದ್ದು, ಅನುಮಾನವೇ ಇಲ್ಲ.”

ಫುಸಾಯೊ ರಟ್ಟು ಎತ್ತಿದಳು. ತೂತಿನ ತಗಡಿನ ಟ್ಯೂಬು. ಅವಳು ನಗಲಿಲ್ಲ, ಈ ಮನುಷ್ಯನಿಗೆ ನಗುವೂ ದಂಡ ಅನ್ನಿಸಿತು. ಆದರೆ ಎದೆಯೊಳಗೆ ಇಪ್ಪತ್ತಾರು ವರ್ಷದ ಬಿಗಿಯೊಂದು ಸಡಿಲಾದಂತಾಯಿತು.

“ಅಗ್ಗದ ಮಾಲು ಹೊತ್ಕೊಂಡು ಹೋಗಿ. ಮೆಟ್ಟಿಲಲ್ಲಿ ಹುಷಾರು, ನಿಮಗಿಂತ ಅದಕ್ಕೆ ಬೆಲೆ ಜಾಸ್ತಿ.”

ಮುಂದಿನ ತಿಂಗಳು ಪ್ರದರ್ಶನಕ್ಕೆ ಹೋದಳು. ಮಾನಿಟರಿನ ಪಕ್ಕದ ಫಲಕದ ಮೇಲೆ ಗುಮಾಸ್ತರು, ಅಕ್ಷರ, ಬೆಳಕಿನ ಬಗ್ಗೆ ಅವಳಾಡಿದ ಮಾತುಗಳೇ ಇದ್ದವು, ಕೆಳಗೆ ‘ತಜ್ಞ’ ನಾಗಾಮಿನೆಯ ಹೆಸರು. ಅವಳು ಚೀಲದಿಂದ ಪೆನ್ನು ತೆಗೆದು, ಆ ಹೆಸರನ್ನು ಹೊಡೆದುಹಾಕಿ, ತನ್ನದನ್ನು ದುಂಡಗೆ ಬರೆದಳು. ದೂರದಲ್ಲಿ ನಿಂತಿದ್ದ ನಾಗಾಮಿನೆ ಅದನ್ನು ನೋಡಿ, ಕರವಸ್ತ್ರ ತೆಗೆದು ಪಕ್ಕದ ಗಾಜು ಉಜ್ಜತೊಡಗಿದ.